ಚುಕ್ಕಿ ಗೆರೆಯ ಬೆನ್ನು ಹತ್ತಿ ಮೂರು ದಿನ

ಮೊದಲೇ ಹೇಳಿಬಿಡ್ತೀವಿ: ಗದಗದಿಂದ ಲಕ್ಷ್ಮೇಶ್ವರಕ್ಕೆ ಯಾವ ಕಾಲದಲ್ಲೂ ರೈಲು ಓಡಿಲ್ಲ. ಈ ಒಂದು ಮಾತು ನಮಗೆ ಸೆಮಿಸ್ಟರ್ ಶುರುವಾದಾಗಲೇ ಗೊತ್ತಿದ್ದಿದ್ದರೆ ನಮ್ಮ ಮಿನಿ ಪ್ರಾಜೆಕ್ಟಿನ ಏಳನೇ ಸ್ಲೈಡು ಇರುತ್ತಿರಲಿಲ್ಲ, ಈ ಲೇಖನವೂ ಇರುತ್ತಿರಲಿಲ್ಲ.

ನಾವು ನಾಲ್ವರು. ಹೆಸರು ಯಾಕೆ, ಕ್ಯಾಂಪಸ್ಸಿನಲ್ಲಿ ನಮ್ಮನ್ನು ಎಲ್ಲರೂ ಬ್ರಾಂಚಿನಿಂದಲೇ ಕರೆಯೋದು: ಸಿವಿಲ್, ಮೆಕ್ಯಾನಿಕಲ್, ಸಿ.ಎಸ್., ಇ.ಸಿ. ಎಲ್ಲ ಬ್ರಾಂಚಿನವರೂ ಸೇರಿ ಮಾಡಬಹುದಾದ ಪ್ರಾಜೆಕ್ಟ್ ಬೇಕಿತ್ತು. ಆಗ ಸಿ.ಎಸ್. ನ್ಯೂಜಿಲೆಂಡಿನ ಒಟಾಗೋ ಅನ್ನೋ ಕಡೆಯ ಸುದ್ದಿ ತಂದ. ಅಲ್ಲಿ 1990ರಲ್ಲಿ ಮುಚ್ಚಿದ ಒಂದು ರೈಲು ಮಾರ್ಗದ ಹಳಿ ಕಿತ್ತು, ಆ ದಂಡೆಯನ್ನೇ ಸೈಕಲ್ ದಾರಿ ಮಾಡಿ 2000ದಲ್ಲಿ ತೆರೆದರಂತೆ. ಸುಮಾರು 150 ಕಿ.ಮೀ. ಸ್ಪೇನಿನಲ್ಲೂ ಇಂಥವು ಬೇಕಾದಷ್ಟಿವೆ. ಸಿವಿಲ್‌ಗೆ ಇದು ಕೇಳಿದ್ದೇ ತಡ, ಬೋರ್ಡಿನ ಮುಂದೆ ನಿಂತುಬಿಟ್ಟ. ಉಕ್ಕಿನ ಗಾಲಿಗೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆ, ಹಾಗಾಗಿ ರೈಲಿಗೆ ಏರು ಆಗಿಬರೋದಿಲ್ಲ, ನೂರು ಮೀಟರಿಗೆ ಒಂದು ಮೀಟರ್ ಏರಿದರೇ ಅದಕ್ಕೆ ದೊಡ್ಡ ಏರು. ಅದಕ್ಕೇ ದಿಬ್ಬ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ಸುರಿದು ದಾರಿ ಮಾಡ್ತಾರೆ. ಅಂಥ ದಂಡೆಯ ಮೇಲೆ ಎಂಟು ವರ್ಷದ ಹುಡುಗನೂ ಎಂಬತ್ತರ ಅಜ್ಜನೂ ಸೈಕಲ್ ಹೊಡೀಬಹುದು. ಭಾಷಣ ಚೆನ್ನಾಗಿತ್ತು. ಈಗ ನಮಗೊಂದು ಸತ್ತ ರೈಲು ಮಾರ್ಗ ಬೇಕಿತ್ತು.

ಕರ್ನಾಟಕದಲ್ಲಿ ಸತ್ತ ಮಾರ್ಗಗಳು ಇಲ್ಲ ಅಂತಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಪುಟ್ಟ ನ್ಯಾರೋ ಗೇಜ್ ಟ್ರಾಮ್ ಓಡುತ್ತಿತ್ತು, ಈಗಿಲ್ಲ. ಆದರೆ ಮಲೆನಾಡಿಗೆ ಹೋಗಿಬರೋವಷ್ಟು ದುಡ್ಡೂ ಇರಲಿಲ್ಲ, ಅಟೆಂಡೆನ್ಸೂ ಇರಲಿಲ್ಲ. ಅಷ್ಟರಲ್ಲಿ ಬೆಟಗೇರಿಯಲ್ಲಿರೋ ಮೆಕ್ಯಾನಿಕಲ್‌ನ ಮಾವ ಫೋನಿನಲ್ಲಿ ಒಂದು ಮಾತು ಹೇಳಿದರು: “ಲಕ್ಷ್ಮೇಶ್ವರದ ಕಡೆ ರೈಲಿನ ಸರ್ವೆ ಆಗಿತ್ತಲ್ಲ.” ನೆಟ್‌ವರ್ಕ್ ಕಡಿಕಡಿದು ಬರುತ್ತಿತ್ತು. “ಸರ್ವೆ” ಎಲ್ಲೋ ಬಿದ್ದುಹೋಗಿ ನಮಗೆ “ರೈಲು ಆಗಿತ್ತಲ್ಲ” ಅಂತ ಕೇಳಿಸಿತು. ಅಂದು ರಾತ್ರಿಯೇ ಸಿ.ಎಸ್. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಯ ತನಕ ಸ್ಲೈಡಿನಲ್ಲಿ ಒಂದು ಚುಕ್ಕಿ ಗೆರೆ ಎಳೆದ. ಪಕ್ಕದಲ್ಲಿ “ಹಳೆಯ ರೈಲು ಮಾರ್ಗ, ಬಳಕೆಯಲ್ಲಿಲ್ಲ” ಅಂತ ಬರೆದ. ನೀಲಿ ಬಣ್ಣ. ನೋಡೋಕೆ ಎಷ್ಟು ಚೆಂದ ಇತ್ತೂಂದ್ರೆ, ನಾಲ್ಕು ದಿನದಲ್ಲಿ ಅದನ್ನು ಎಳೆದವರು ನಾವೇ ಅನ್ನೋದನ್ನೇ ಮರೆತುಬಿಟ್ಟೆವು.

ಮೊದಲ ರಿವ್ಯೂನಲ್ಲಿ ಯಾರೂ ಕೇಳಲಿಲ್ಲ. ಇ.ಸಿ. ಒಬ್ಬನೇ ಕೇಳಿದ. “ಈ ಲೈನ್ ಎಲ್ಲೈತ್ಲೇ?” ಅಂದ. ಅವನಿಗೆ ನಾವು ಸೈಕಲ್ ಎಣಿಸೋ ಸೆನ್ಸರಿನ ಕೆಲಸ ಕೊಟ್ಟಿದ್ದೆವು, ಮ್ಯಾಪು ಅವನ ವಿಭಾಗ ಅಲ್ಲ. “ಜನವರಿಯಲ್ಲಿ ಹೋಗಿ ನೋಡೋಣ” ಅಂದೆವು. ಅವನು ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡಿ, “ಬರ್ರಿ, ನಮ್ಮನ್ಯಾಗ ಉಳೀರಿ” ಅಂದ. ಅವನ ಊರು ಲಕ್ಷ್ಮೇಶ್ವರದ ಹತ್ತಿರ ಅನ್ನೋದು ನಮಗೆ ಗೊತ್ತಿತ್ತು. ಎರಡೂವರೆ ವರ್ಷದಿಂದ ಗೊತ್ತಿತ್ತು. ಅವನನ್ನೇ ಮೊದಲು ಕೇಳಬೇಕಿತ್ತು ಅನ್ನೋದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಸೈಕಲ್‌ಗಳನ್ನು ತರಕಾರಿ ಇಳಿಸಿ ವಾಪಸ್ ಹೊರಟಿದ್ದ ಒಂದು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಶುಕ್ರವಾರ ಬೆಳಿಗ್ಗೆ ಗದಗ ತಲುಪಿದೆವು. ಎರಡು ಗೇರಿನವು, ಒಂದು ಬಾಡಿಗೆಯದು, ಇನ್ನೊಂದು ಹಾಸ್ಟೆಲ್ ಶೆಡ್ಡಿನಲ್ಲಿ ವಾರಸುದಾರರಿಲ್ಲದೆ ನಿಂತಿದ್ದು. ಹಳೇ ಲೈನು ಅಂದಮೇಲೆ ಸ್ಟೇಷನ್ನಿನಿಂದಲೇ ಶುರು ಮಾಡೋಣ ಅಂತ ಗದಗ ಜಂಕ್ಷನ್ನಿನ ಮುಂದೆ ಚಾ ಕುಡಿಯೋಕೆ ನಿಂತೆವು. ಅಲ್ಲಿ ಬೆಂಚಿನ ಮೇಲೆ ಕೂತಿದ್ದ, ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರಿಗೆ ಸ್ಲೈಡ್ ತೋರಿಸಿ ಈ ಲೈನಿನ ದಂಡೆ ಎಲ್ಲಿ ಸಿಗುತ್ತೆ ಅಂತ ಕೇಳಿದೆವು. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಇದು ಬರಬೇಕಾದ್ದಪಾ. ಬಂದು ಹೋಗಿದ್ದಲ್ಲ.”

ಹೀಗೆ ನಮ್ಮ ಪ್ರಾಜೆಕ್ಟು ಒಂದು ಕಪ್ ಚಾ ಮುಗಿಯೋದರೊಳಗೆ ಮುಗಿಯಿತು.

ಅಜ್ಜ ಮಾತ್ರ ಖುಷಿಯಲ್ಲಿದ್ದರು, ಕೇಳೋರು ಸಿಕ್ಕಿದ್ದರಲ್ಲ. ಗದಗಕ್ಕೆ ಹಳಿ ಬಂದದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ್ದು. 1876–78ರ ದೊಡ್ಡ ಬರದಲ್ಲಿ ಜನ ಸತ್ತಮೇಲೆ ಕಾಳು ಸಾಗಿಸೋಕೆ ರೈಲು ಬೇಕು ಅನ್ನೋ ಮಾತು ಬ್ರಿಟಿಷರಿಗೂ ಗಟ್ಟಿಯಾಯ್ತು. ಈ ಭಾಗದ ಹತ್ತಿಯ ಮೇಲೂ ಅವರ ಕಣ್ಣಿತ್ತು. ಬಂದದ್ದು ಮೀಟರ್ ಗೇಜು, ಅಂದರೆ ಎರಡು ಹಳಿಯ ನಡುವೆ 1000 ಮಿ.ಮೀ. ಅಜ್ಜ ಕೆಲಸ ಮಾಡಿದ್ದು ಅದೇ ಹಳಿಯ ಮೇಲೆ. ಹೊಟಗಿ ಕಡೆಯ ಮೀಟರ್ ಗೇಜು ಈ ಶತಮಾನದ ಮೊದಲ ವರ್ಷಗಳಲ್ಲೂ ಓಡುತ್ತಿತ್ತು, ಆಮೇಲೆ ಅದೂ 1676 ಮಿ.ಮೀ.ನ ಬ್ರಾಡ್ ಗೇಜಾಯಿತು. “ಹಳೇ ಲೈನ್ ಬೇಕಂದ್ರ ಅಲ್ಲೇ ಐತಿ ನೋಡ್ರಿ” ಅಂತ ಪ್ಲಾಟ್‌ಫಾರ್ಮಿನ ಕಡೆ ಕೈ ತೋರಿಸಿದರು. ಹಳೇ ದಾರಿಯ ಮೇಲೇ ಹೊಸ ಹಳಿ ಕೂತಿದೆ. ಅದರ ಮೇಲೆ ಸೈಕಲ್ ಹೊಡೆದರೆ ಪೊಲೀಸರು ಬರ್ತಾರೆ.

ವಾಪಸ್ ಹೋಗೋ ಮಾತು ಬಂತು. ಇ.ಸಿ. ಒಂದೇ ಮಾತು ಹೇಳಿದ: “ಅವ್ವ ರೊಟ್ಟಿ ಬಡದಿಟ್ಟಾಳ.” ಹೊರಟೆವು.

ಮುಳಗುಂದದ ದಾರಿ ಹಿಡಿದೆವು. ಗದಗ ಬಿಟ್ಟ ಮೇಲೆ ಎರಡೂ ಕಡೆ ಎರೆ ಹೊಲ, ಹಿಂಗಾರಿ ಜೋಳ ಎದೆಯೆತ್ತರ, ನಡುನಡುವೆ ಕಡಲೆ, ಅಂಚಿಗೆ ಕುಸುಬಿ. ದೂರದಿಂದ ಸಪಾಟು ಅಂತ ಕಾಣೋ ಈ ನೆಲ ಸೈಕಲ್ ಮೇಲೆ ಸಪಾಟಲ್ಲ. ಅಲೆಯ ಹಾಗೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಮೇಲಿಂದ ಎದುರುಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಯಾಕೆ ಹಾಕಿದ್ದಾರೆ ಅಂತ ಪವರ್ ಪ್ಲಾಂಟ್ ಸಬ್ಜೆಕ್ಟಿನಲ್ಲಿ ಓದಿ ತಿಳಿಯದ್ದು ಅರ್ಧ ಗಂಟೆಯಲ್ಲಿ ತೊಡೆಗೆ ತಿಳಿಯಿತು. ಸಿವಿಲ್ ಒಂದು ಬದುವಿನ ಹತ್ತಿರ ಇಳಿದು ಬಿರುಕಿನಲ್ಲಿ ಅಂಗೈ ಪೂರ್ತಿ ಇಳಿಸಿ ತೋರಿಸಿದ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಸೀಳುತ್ತೆ. ಇದರ ಮೇಲೆ ರೈಲಿನ ದಂಡೆ ಹಾಕಬೇಕೂಂದ್ರೆ ಬೇರೆ ಒಳ್ಳೆ ಮಣ್ಣು ತಂದು ಪದರ ಹಾಕಬೇಕು. ಬರೀ ಚುಕ್ಕಿ ಗೆರೆ ಸಾಲದು ಅಂತ ಅವನೇ ಅಂದ. ಆ ಗೆರೆಗೆ ಕ್ರಾಸ್ ಸೆಕ್ಷನ್ ಬರೆದು ಮಾರ್ಕ್ಸ್ ತಗೊಂಡವನೂ ಅವನೇ.

ಮಧ್ಯಾಹ್ನ ಬಳ್ಳಾರಿ ಜಾಲಿಯ ಮುಳ್ಳಿಗೆ ಎರಡು ಪಂಕ್ಚರ್. ಮೆಕ್ಯಾನಿಕಲ್ ಮೊದಲನೆಯದನ್ನು ನಲವತ್ತು ನಿಮಿಷದಲ್ಲಿ, ಎರಡನೆಯದನ್ನು ಊರಿನ ಪಂಕ್ಚರ್ ಅಂಗಡಿಯಲ್ಲಿ ಮುಗಿಸಿದ.

ಲಕ್ಷ್ಮೇಶ್ವರ ಸೇರಿದಾಗ ಬಿಸಿಲು ಇಳಿದಿತ್ತು. ಇದು ಹಳೇ ಪುಲಿಗೆರೆ. ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡ ಕನ್ನಡ ಈ ಊರಿನ ತಿರುಳುಗನ್ನಡ ಅಂತ ಪಾಠದಲ್ಲಿ ಓದಿದ್ದೆವು. ಇಲ್ಲಿ ಮಿರ್ಚಿ ಭಜಿ ಅಂಗಡಿಯವನ ಮಾತಿಗೆ ಉತ್ತರ ಕೊಡೋಕೆ ತಡಬಡಿಸಿದೆವು. ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಜಾಮಿಯಾ ಮಸೀದಿ ಮೂರೂ ಒಂದೇ ಊರಿನಲ್ಲಿ ಕಾಲ್ನಡಿಗೆಯಲ್ಲಿ ಸಿಗ್ತವೆ. ಇನ್ನೊಂದು ವಿಷಯ ನಮಗೆ ಹೊಸದು: ಬ್ರಿಟಿಷರ ಕಾಲದಲ್ಲಿ ಗದಗ, ಮುಂಡರಗಿ ಅವರ ಧಾರವಾಡ ಜಿಲ್ಲೆಯಲ್ಲಿದ್ದರೆ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ನಾವು ಮೂರು ದಿನದಲ್ಲಿ ತುಳಿದ ದಾರಿ ಆಗ ಮೂರು ಸರ್ಕಾರಗಳ ನೆಲ. ಈಗ ಎಲ್ಲ 1997ರಲ್ಲಿ ಆದ ಗದಗ ಜಿಲ್ಲೆ.

ಇ.ಸಿ.ಯ ಹಳ್ಳಿ ಅಲ್ಲಿಂದ ಇನ್ನೂ ಒಂದಿಷ್ಟು ದೂರ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು. ಎಷ್ಟು ರೊಟ್ಟಿ ತಿಂದೆವು ಅಂತ ಇಲ್ಲಿ ಬರೆದರೆ ಮೆಸ್ಸಿನವರು ಬೇಜಾರು ಮಾಡ್ಕೋತಾರೆ. ಊಟ ಆದಮೇಲೆ ಅವನಪ್ಪ ಕಟ್ಟೆಯ ಮೇಲೆ ಕೂತು, “ಅದೇನೋ ಪ್ರಾಜೆಕ್ಟ್ ಮಾಡೀರಂತಲ್ಲ, ತೋರಸ್ರಿ” ಅಂದರು. ಬೇಡ ಅನ್ನೋಕೆ ಬರಲಿಲ್ಲ. ಸಿ.ಎಸ್. ಲ್ಯಾಪ್‌ಟಾಪ್ ತೆಗೆದ. ಏಳನೇ ಸ್ಲೈಡ್ ಬಂತು. ಆವತ್ತು ಹಿಂದಿನ ಪಟವಾಗಿ ಉಪಗ್ರಹದ ಚಿತ್ರ ಹಾಕಿದ್ದನ್ನು ನಾವು ಹೆಮ್ಮೆಯಿಂದ ಮಾಡಿದ್ದೆವು. ಅವರು ಹಳ್ಳ ಗುರುತು ಹಿಡಿದರು, ಗುಡಿ ಗುರುತು ಹಿಡಿದರು, ಆಮೇಲೆ ನೀಲಿ ಚುಕ್ಕಿಗಳ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

“ಇದು ನಮ್ಮ ಹೊಲದ ನಟ್ಟನಡುವ ಹೊಂಟೈತಲ್ಲ.”

ಯಾರೂ ಉಸಿರೆತ್ತಲಿಲ್ಲ.

“ಕಡೀಗೂ ಇಲ್ಲೇ ಬರೂದು ಗಟ್ಟಿ ಆತೇನ್ರಿ?”

ಅವರು ನಮ್ಮನ್ನು ಬೈಯಲಿಲ್ಲ. ನಿಜವಾಗಿ ಕೇಳಿದರು, ಇಂಜಿನಿಯರಿಂಗ್ ಓದೋ ಹುಡುಗರು ದೊಡ್ಡ ಊರಿಂದ ಮ್ಯಾಪ್ ತಂದಿದ್ದಾರೆ ಅಂದ್ರೆ ಏನೋ ಗೊತ್ತಿರಬೇಕು ಅಂತ. ಆಮೇಲೆ ಗೊತ್ತಾಯ್ತು. ಗದಗ–ಯಲವಿಗಿ ಮಾರ್ಗ ಸುಮಾರು 58 ಕಿ.ಮೀ.; ದಶಕಗಳಿಂದ ಈ ಭಾಗದ ಜನ ಕೇಳುತ್ತಿದ್ದಾರೆ. ಯಲವಿಗಿ ಹುಬ್ಬಳ್ಳಿ–ಹಾವೇರಿ ಲೈನಿನ ಮೇಲಿದೆ, ಇತ್ತ ಗದಗ ಜಂಕ್ಷನ್, ನಡುವಿನ ಶಿರಹಟ್ಟಿ, ಲಕ್ಷ್ಮೇಶ್ವರಕ್ಕೆ ಮಾತ್ರ ಹಳಿ ಇಲ್ಲ. ಅವರ ಅಜ್ಜ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ರಾತ್ರಿಯಿಡೀ ನಡೆದು ಗದಗ ಮುಟ್ಟುತ್ತಿದ್ದರಂತೆ. ಇವರು ಟೆಂಪೋದಲ್ಲಿ ಉಳ್ಳಾಗಡ್ಡಿ ಹೇರಿ ಹುಬ್ಬಳ್ಳಿಗೆ ಒಯ್ಯುತ್ತಾರೆ. ದರ ಬಿದ್ದ ವರ್ಷ ಬಾಡಿಗೆ ಕೈಯಿಂದ ಕಟ್ಟಿ ಬರ್ತಾರೆ. ರೈಲು ಬೇಕು ಅಂತ ಮೆರವಣಿಗೆಯಲ್ಲಿ ಇವರೂ ನಡೆದಿದ್ದಾರೆ. ಆದರೆ ಸರ್ವೆ ಮಾತು ಎದ್ದಾಗಲೆಲ್ಲ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೀತಾರೆ. ಕೆರೆಯ ಆಚೆ ಅಂತ ಒಬ್ಬರು, ಹಳ್ಳದ ಈಚೆ ಅಂತ ಇನ್ನೊಬ್ಬರು. ಇವರು ನಾಲ್ಕು ವರ್ಷದಿಂದ ಹೊಲದಲ್ಲಿ ಬೋರ್ ಹಾಕಿಸಬೇಕು ಅಂದುಕೊಂಡು ಸುಮ್ಮನಿದ್ದಾರೆ. ಹಾಕಿಸಿದ ಮೇಲೆ ಹೊಲ ಹೋದರೆ? ಹಾಕಿಸದೆ ರೈಲೂ ಬರದಿದ್ದರೆ?

“ರೈಲು ಬ್ಯಾಡ ಅನ್ನಂಗಿಲ್ಲ. ಹೊಲಾನೂ ಹೋಗ್ಲಿ ಅನ್ನಂಗಿಲ್ಲ. ಎಲ್ಲಿ ಅಂತ ಒಮ್ಮೆ ಹೇಳಿಬಿಟ್ರ ಸಾಕು,” ಅಂದರು.

ಸಿ.ಎಸ್. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ. “ಅದು ನಾವೇ ಎಳೆದಿದ್ದು ಕಾಕಾ. ಸುಮ್ಮನೆ. ಅಂದಾಜಿಗೆ.” ಅವರಿಗೆ ಮೊದಲು ಅರ್ಥ ಆಗಲಿಲ್ಲ. ಸುಮ್ಮನೆ ಯಾರಾದರೂ ಇನ್ನೊಬ್ಬರ ಹೊಲದ ಮೇಲೆ ಗೆರೆ ಯಾಕೆ ಎಳೀತಾರೆ? ಅರ್ಥ ಆದಮೇಲೆ ನಕ್ಕರು. ನಗು ನಿಂತಮೇಲೆ, “ಮಾರ್ಕ್ಸ್ ಎಷ್ಟು ಕೊಟ್ರು?” ಅಂತ ಕೇಳಿದರು. ಇಪ್ಪತ್ತೈದಕ್ಕೆ ಇಪ್ಪತ್ತೆರಡು. ಹೇಳೋಕೆ ನಾಚಿಕೆಯಾಯಿತು. ಆ ರಾತ್ರಿ ಇ.ಸಿ. ನಮ್ಮ ಜೊತೆ ಮಾತಾಡಲಿಲ್ಲ, ನಾವೂ ಅವನನ್ನು ಮಾತಾಡಿಸಲಿಲ್ಲ. ಮಾಳಿಗೆಯ ಮೇಲೆ ನಾಲ್ಕು ಜನ ನಾಲ್ಕು ಕಡೆ ಮುಖ ಮಾಡಿ ಮಲಗಿದೆವು. ಅವನಿಗೆ ಆ ಗೆರೆ ಎಲ್ಲಿ ಹೋಗುತ್ತೆ ಅಂತ ಮೊದಲ ದಿನವೇ ಗೊತ್ತಿತ್ತು.

ಬೆಳಿಗ್ಗೆ ಕತ್ತಲಿರುವಾಗಲೇ ಅವನೇ ಎಬ್ಬಿಸಿದ. “ಮಾಗಡಿ ಕೆರಿ ನೋಡೂಣ ಏಳ್ರಿ.” ಮಾಗಡಿ ಸ್ವಲ್ಪ ಸುತ್ತು, ಆದರೂ ಹೋದದ್ದು ಒಳ್ಳೇದಾಯ್ತು. ಕೆರೆಯ ಮೇಲೆ ಮಂಜು, ಮಂಜಿನ ಒಳಗಿಂದ ಗದ್ದಲ. ಬೆಳಕಾದಂತೆ ಗದ್ದಲಕ್ಕೆ ಆಕಾರ ಬಂತು: ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರೋ ಹೆಬ್ಬಾತುಗಳು, ಸಾವಿರಗಟ್ಟಲೆ. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರ್ತವೆ, ಬೇಸಿಗೆ ಕಾಲಿಡೋ ಹೊತ್ತಿಗೆ ಹೊರಡ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಸುತ್ತಲಿನ ಹೊಲಗಳಲ್ಲಿ ಅವು ಶೇಂಗಾ, ಕಡಲೆ ಮೇಯುತ್ತವೆ. ರೈತರು ಬೈಯುತ್ತಾರೆ, ಓಡಿಸುತ್ತಾರೆ. ಅಷ್ಟು ದೂರದಿಂದ ಗೆರೆ ಇಲ್ಲದ ದಾರಿಯಲ್ಲಿ ಬಂದು ಸರಿಯಾಗಿ ಇದೇ ಕೆರೆಗೆ ಇಳೀತಾವಲ್ಲ ಅಂತ ಮೆಕ್ಯಾನಿಕಲ್ ಆಶ್ಚರ್ಯಪಟ್ಟ. “ನಮಗಿಂತ ಅವಕ್ಕ ಈ ಭಾಗ ಚಲೋ ಗೊತ್ತು,” ಅಂದ ಇ.ಸಿ. ಸಿಟ್ಟು ಅರ್ಧ ಇಳಿದಿತ್ತು.

ಶಿರಹಟ್ಟಿಯ ದಾರಿಯಲ್ಲಿ ಒಬ್ಬ ಹುಡುಗಿ ಯೂನಿಫಾರ್ಮಿನಲ್ಲಿ ಸೈಕಲ್ ತಳ್ಳಿಕೊಂಡು ಬರ್ತಿದ್ದಳು. ಚೈನ್ ಬಿದ್ದಿತ್ತು. ನಿಂತೆವು, ಮೆಕ್ಯಾನಿಕಲ್‌ಗೆ ಮರ್ಯಾದೆ ಉಳಿಸಿಕೊಳ್ಳೋ ಅವಕಾಶ. ಅದು ಸರ್ಕಾರಿ ಸೈಕಲ್, ಎಂಟನೇ ಕ್ಲಾಸಿನವರಿಗೆ 2006–07ರಿಂದ ಕೊಡುತ್ತಿದ್ದದ್ದು. ಅಕ್ಕನಿಗೆ ಬಂದದ್ದು, ಅಕ್ಕನ ಮದುವೆಯಾಯ್ತು, ಸೈಕಲ್ ಇವಳಿಗೆ ಉಳೀತು. ಕೊರೊನಾ ಬಂದಮೇಲೆ ಆ ಯೋಜನೆ ನಿಂತುಹೋಗಿದೆ, ಹಾಗಾಗಿ ಇವಳ ಪಾಲಿನದು ಬರಲೇ ಇಲ್ಲ. ಚೈನ್ ಜೋಲುಬಿದ್ದು ಹಲ್ಲು ಸವೆದಿತ್ತು. ಹಿಂದಿನ ಗಾಲಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು ನಟ್ ಬಿಗಿದು, ಬಾಟಲಿಯಲ್ಲಿದ್ದ ಎಣ್ಣೆ ಬಿಟ್ಟು ಕೊಟ್ಟ. ಅವಳು ನಮ್ಮ ಹೆಲ್ಮೆಟ್ಟು, ಗ್ಲೌಸು ಎಲ್ಲ ನೋಡುತ್ತ ನಿಂತಿದ್ದಳು.

“ಬಸ್ ತಪ್ಪಿತೇನ್ರಿ ನಿಮಗ?”

ಇಲ್ಲ, ಸುಮ್ಮನೆ ಸೈಕಲ್ ಮೇಲೆ ಹೊರಟಿದ್ದೀವಿ ಅಂದೆವು. ನಂಬಿದ ಹಾಗೆ ಕಾಣಲಿಲ್ಲ. ಪರೀಕ್ಷೆ ಇದೆ ಅಂತ ಹತ್ತಿ ಹೊರಟೇಬಿಟ್ಟಳು. ಏರಿನಲ್ಲಿ ಎದ್ದುನಿಂತು ತುಳಿಯುತ್ತ, ಗೇರ್ ಇಲ್ಲದ ಆ ಸೈಕಲ್ಲಿನಲ್ಲಿ, ನಮಗಿಂತ ಮುಂದೆ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠದ ನೆರಳಲ್ಲಿ ಕೂತು ನೀರು ಕುಡಿದೆವು. ಹೆಸರಿನಲ್ಲಿ ಫಕೀರ, ಈಶ್ವರ ಇಬ್ಬರೂ ಇರೋ ಮಠ, ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳೋ ಜಾಗ. ಅಲ್ಲಿಂದ ಮುಂಡರಗಿಗೆ ಹೋಗಬೇಕೂಂದ್ರೆ ಕಪ್ಪತಗುಡ್ಡ ಅಡ್ಡ. 2019ರಲ್ಲಿ ಇದರ 244 ಚದರ ಕಿ.ಮೀ. ವನ್ಯಜೀವಿ ಧಾಮವಾಗಿದೆ, ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ನಮಗೆ ನೆನಪಿರೋದು ಗಿಡಗಳಲ್ಲ, ಏರು. ಎರಡು ಕಡೆ ಇಳಿದು ತಳ್ಳಿದೆವು. ಸಿವಿಲ್ ಏರಿನ ನಡುವೆ ರಸ್ತೆಯ ಮೇಲೆ ಕೂತು, “ಇದಕ್ಕೇ ರೈಲಿನ ದಂಡೆ ಬೇಕು ಅಂದಿದ್ದು” ಅಂದ. ಯಾರೂ ನಗಲಿಲ್ಲ, ಉಸಿರಿರಲಿಲ್ಲ.

ಮುಂಡರಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ರಾತ್ರಿ ಉಳಿದ ಕಡೆ ಮಾತಿಗೆ ಮಾತು ಬಂದು ಹಳ್ಳಿಗುಡಿಯ ವಿಷಯ ಎದ್ದಿತು. ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಅಲ್ಲಿನ ಹೊಲಗಳನ್ನು ಗುರುತು ಮಾಡಿದ್ದರು, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆ ನಿಂತರು, 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. ನಾವಾಗ ಪ್ರೈಮರಿ ಸ್ಕೂಲು. ಈ ಭಾಗದವರು ಮ್ಯಾಪಿನ ಗೆರೆಯನ್ನು ಅಷ್ಟು ಹುಷಾರಾಗಿ ಯಾಕೆ ನೋಡ್ತಾರೆ ಅಂತ ಆಗ ತಿಳೀತು.

ಮರುದಿನ ಗದಗದ ದಾರಿಯಲ್ಲಿ ಡಂಬಳ. ದೊಡ್ಡಬಸಪ್ಪನ ಗುಡಿಯ ಗರ್ಭಗುಡಿ ಹೊರಗಿನಿಂದ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಹದಿನೈದು ಹದಿನೈದು ಡಿಗ್ರಿ ತಿರುಗಿಸುತ್ತ ಆರು ಸಲ ಎಳೆದರೆ 24 ಮೂಲೆ ಸಿಗುತ್ತೆ ಅಂತ ಸಿವಿಲ್ ಮಣ್ಣಿನ ಮೇಲೆ ಕಡ್ಡಿಯಿಂದ ಎಳೆದು ತೋರಿಸಿದ. ಹನ್ನೆರಡನೇ ಶತಮಾನದವರು ಕ್ಯಾಡ್ ಇಲ್ಲದೆ ಕಲ್ಲಿನಲ್ಲಿ ಇದನ್ನು ಸರಿಯಾಗಿ ಕೂರಿಸಿದ್ದಾರೆ. ನಾವು ಕ್ಯಾಡ್ ಇಟ್ಟುಕೊಂಡು ಇಲ್ಲದ ಲೈನು ಎಳೆದಿದ್ದೆವು. ಇದನ್ನೂ ಇ.ಸಿ.ಯೇ ಹೇಳಿದ್ದು, ನಗುತ್ತ.

ಸಂಜೆ ಗದಗ ಸ್ಟೇಷನ್. ಮೀಟರು ನೋಡಿದರೆ ಮೂರು ದಿನದಲ್ಲಿ ನೂರಮೂವತ್ತರ ಆಸುಪಾಸು. ಸೋಮವಾರ ಎರಡನೇ ರಿವ್ಯೂ. ಅದೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದೆವು, ಅಜ್ಜ ಇರಲಿಲ್ಲ. “ಹಳೆಯ ರೈಲು ಮಾರ್ಗ” ಅನ್ನೋದನ್ನು ಅಳಿಸಿ “ಜನ ಕೇಳುತ್ತಿರುವ ಮಾರ್ಗ” ಅಂತ ಬರೆದೆವು. ಸೈಕಲ್ ಎಣಿಸೋ ಸೆನ್ಸರನ್ನು ಶಾಲೆಗೆ ಹೋಗೋ ರಸ್ತೆಗಳಲ್ಲಿ ಇಡೋದು ಅಂತ ಇ.ಸಿ. ಅವನ ಸ್ಲೈಡು ತಿದ್ದಿದ. ಉಳಿದದ್ದು ನೀಲಿ ಗೆರೆ. ಸಿ.ಎಸ್. ಅದನ್ನು ಸೆಲೆಕ್ಟ್ ಮಾಡಿ ಡಿಲೀಟ್ ಮೇಲೆ ಬೆರಳಿಟ್ಟ.

“ತಡಿ,” ಅಂದ ಇ.ಸಿ. “ಅಳಸಬ್ಯಾಡ. ನಮ್ಮ ಹೊಲದ ಬದುವಿನ ಆಚೆ ಸರಸು.”

ಸಿವಿಲ್ ಬಗ್ಗಿ ನೋಡಿದ. ಸ್ಕೇಲ್ ಇಟ್ಟು ಅಳೆದ. “ಅಲ್ಲಿ ಸರಿಸಿದರೆ ಕರ್ವ್ ರೇಡಿಯಸ್ ಕೂಡಂಗಿಲ್ಲೋ.”

“ಅದನ್ನ ಅಪ್ಪಗ ನೀನ ಹೇಳು,” ಅಂತ ಇ.ಸಿ. ಫೋನ್ ಹಚ್ಚಿ ಅವನ ಕೈಗೆ ಕೊಟ್ಟ.